ನೋವು ಮರೆಯಲು ಕುಡಿಯುವವರಿಗೆ: ಕಾಲೇಜು ವಿದ್ಯಾರ್ಥಿಗಳಿಗೂ ರೂಮ್‌ಮೇಟ್‌ಗಳಿಗೂ ಒಂದು ಕೈಪಿಡಿ

ಒಂದೇ ಹಾಸ್ಟೆಲ್ಲಿನ ಇಬ್ಬರು ವಾರಕ್ಕೆ ಒಂದೊಂದು ಕ್ವಾರ್ಟರ್ ಕುಡಿಯುತ್ತಾರೆ ಎಂದುಕೊಳ್ಳಿ. ಒಬ್ಬ ಶನಿವಾರ ಗೆಳೆಯರ ಜತೆ ಮ್ಯಾಚ್ ನೋಡುತ್ತಾ ಕುಡಿಯುತ್ತಾನೆ. ಇನ್ನೊಬ್ಬ ರೂಮಿನ ಲೈಟ್ ಆರಿದ ಮೇಲೆ, ಒಬ್ಬನೇ ಕೂತು, ನಿದ್ದೆ ಬರಲಿ ಅಂತ ಕುಡಿಯುತ್ತಾನೆ. ಲೆಕ್ಕದಲ್ಲಿ ಇಬ್ಬರೂ ಸಮ, ಆದರೆ ಮುಂದೆ ಕೈಮೀರುವ ಸಂಭವ ಎರಡನೆಯವನಿಗೇ ಹೆಚ್ಚು. ಜನ ಯಾಕೆ ಕುಡಿಯುತ್ತಾರೆ ಎಂಬುದಕ್ಕೆ ಸಂಶೋಧಕರು ನಾಲ್ಕು ಕಾರಣ ಗುರುತಿಸುತ್ತಾರೆ: ಜತೆಗಾರಿಕೆಗೆ, ಖುಷಿಗೆ, ಗುಂಪಿನಲ್ಲಿ ಒಬ್ಬನೇ ಬೇರೆಯಾಗಿ ಕಾಣಬಾರದೆಂದು, ಮತ್ತು ನೋವು ತಡೆಯಲು. ಸಮಸ್ಯೆಯ ಜತೆ ಅತಿ ಗಟ್ಟಿಯಾಗಿ ಅಂಟಿಕೊಂಡಿರುವುದು ನಾಲ್ಕನೆಯದು.

ಈ ಬರಹ ಆ ನಾಲ್ಕನೆಯ ಗುಂಪಿನವರಿಗೆ. ಇದರ ಮುಖ್ಯ ಸಲಹೆ ಒಂದೇ: ನಿಮ್ಮ ಕುಡಿತ ನಿಮಗೆ ಯಾವ ಕೆಲಸ ಮಾಡಿಕೊಡುತ್ತಿದೆ ಎಂದು ಮೊದಲು ಪತ್ತೆ ಮಾಡಿ. ಆ ಕೆಲಸ ಮಾಡುವ ಬೇರೆ ಏನನ್ನಾದರೂ ಆ ಜಾಗಕ್ಕೆ ತನ್ನಿ. ಬಾಟಲಿ ದೂರ ಮಾಡುವುದು ಅದರ ನಂತರ. ಬರೀ ಬಾಟಲಿ ಕಿತ್ತುಕೊಂಡರೆ ನಿದ್ದೆಯಿಲ್ಲದ ರಾತ್ರಿ, ನೆನಪು, ಭಯ ಎಲ್ಲವೂ ಒಟ್ಟಿಗೇ ಮೇಲೆ ಬೀಳುತ್ತವೆ. ಮೂರನೇ ದಿನಕ್ಕೆ ಮತ್ತೆ ಬಾರ್ ಬಾಗಿಲು ಕಾಣುವುದು ಅದಕ್ಕೇ. ಅಲ್ಲಿ ಸೋಲುವುದು ಮನೋಬಲವಲ್ಲ, ಬಿಡುವ ಕ್ರಮ.

ಆಘಾತ ಅಂದರೆ ಯಾವುದು?

ನೋವು ಮರೆಯಲು ಕುಡಿಯುವ ಹಲವರ ಹಿಂದೆ ಒಂದು ಆಘಾತವಿರುತ್ತದೆ: ಜೀವಕ್ಕೆ, ದೇಹಕ್ಕೆ ಅಥವಾ ಮಾನಕ್ಕೆ ಗಂಡಾಂತರ ತಂದ ಅನುಭವ. ಅಪಘಾತ, ಲೈಂಗಿಕ ದೌರ್ಜನ್ಯ, ರ‍್ಯಾಗಿಂಗ್, ಜಾತಿ ಹಿಡಿದು ಮಾಡಿದ ಅವಮಾನ, ಕುಡಿದು ಬಂದು ಹೊಡೆಯುವ ಅಪ್ಪ, ಪಕ್ಕದ ರೂಮಿನ ಗೆಳೆಯನ ಆತ್ಮಹತ್ಯೆ. 2018ರ ಮಳೆಯಲ್ಲಿ ಮನೆ ಕಳೆದುಕೊಂಡ ಕೊಡಗಿನ ಮಕ್ಕಳು, 2021ರ ಕೋವಿಡ್ ಎರಡನೇ ಅಲೆಯಲ್ಲಿ ಆಕ್ಸಿಜನ್ ಬೆಡ್‌ಗೆ ಓಡಾಡಿ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳು ಈಗ ಕಾಲೇಜಿನ ವಯಸ್ಸಿನವರು. 'ಅದೆಲ್ಲ ಆಗಿಹೋದ ಕಥೆ' ಎಂದು ಮನೆಯವರು ಹೇಳಿರಬಹುದು. ದೇಹದ ಮಟ್ಟಿಗೆ ಅದು ಇನ್ನೂ ಮುಗಿದಿರುವುದಿಲ್ಲ.

ಬಾಲ್ಯದ ಕಹಿ ಅನುಭವಗಳ ಬಗ್ಗೆ ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅಂಥ ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವ ಇದ್ದವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯಾ ಯತ್ನದಂಥವುಗಳ ಅಪಾಯ, ಏನೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಅಪ್ಪ ಕುಡುಕನಾಗಿದ್ದರೆ ಹೊರೆ ಎರಡು: ಮನೆಯಲ್ಲಿ ಕಂಡ ಹಿಂಸೆ ಒಂದು, ರಕ್ತದಲ್ಲಿ ಬಂದ ಒಲವು ಇನ್ನೊಂದು. ವ್ಯಸನದ ಒಲವಿನಲ್ಲಿ ಸುಮಾರು ಅರ್ಧ ಪಾಲು ಆನುವಂಶಿಕ ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ.

ಘಟನೆಯಾಗಿ ಒಂದು ತಿಂಗಳು ದಾಟಿದ ಮೇಲೂ ಅದೇ ಕನಸು, ಎಚ್ಚರವಿರುವಾಗಲೇ ಕಣ್ಣ ಮುಂದೆ ಬಂದು ನಿಲ್ಲುವ ದೃಶ್ಯ, ಬಾಗಿಲು ಬಡಿದರೆ ಬೆಚ್ಚುವುದು, ಆ ರಸ್ತೆಯನ್ನೇ ತಪ್ಪಿಸಿ ಓಡಾಡುವುದು, ಯಾವುದರಲ್ಲೂ ಮನಸ್ಸೇ ಇಲ್ಲದಿರುವುದು — ಇವು ನಿಲ್ಲದಿದ್ದರೆ ತಜ್ಞರನ್ನು ಕಾಣಬೇಕು. ಮೊದಲ ಕೆಲವು ವಾರ ಇವೆಲ್ಲ ಬಹುತೇಕರಿಗೆ ಆಗುತ್ತವೆ, ಹಾಗೇ ಇಳಿಯುತ್ತವೆ. ಆ ವಾರಗಳಲ್ಲಿ 'ಎಲ್ಲ ಹೇಳಿಬಿಡು, ಹಗುರಾಗುತ್ತೆ' ಎಂದು ಯಾರನ್ನೂ ಕೂರಿಸಿ ಕಥೆ ಬಿಡಿಸಬೇಡಿ. ಒತ್ತಾಯದ ಒಂದು ಸಲದ ಹೇಳಿಕೆಯಿಂದ ಉಪಕಾರವಿಲ್ಲ. ಊಟ, ನಿದ್ದೆ, ಜತೆಗೊಬ್ಬರು ಇದ್ದರೆ ಸದ್ಯಕ್ಕೆ ಸಾಕು.

ಮೊದಲು ಕೆಲಸ ಮಾಡುತ್ತದೆ, ಆಮೇಲೆ ತಿರುಗಿ ಹೊಡೆಯುತ್ತದೆ

ಆಲ್ಕೋಹಾಲ್ ಮಿದುಳಿನ ಓಟವನ್ನು ತಗ್ಗಿಸುತ್ತದೆ. ಸದಾ ಕಾವಲು ಕಾಯುತ್ತಿರುವ ದೇಹಕ್ಕೆ ಅರ್ಧ ಗಂಟೆಯಲ್ಲಿ ಸಡಿಲ ಸಿಗುತ್ತದೆ. ಅದು ಸುಳ್ಳಲ್ಲ, ನಿಜವಾಗಿಯೇ ಸಿಗುತ್ತದೆ. ತೊಂದರೆ ಇರುವುದೂ ಅಲ್ಲೇ.

ರಾತ್ರಿ 11ಕ್ಕೆ ಕುಡಿದು ಮಲಗಿದವನು ಬೇಗ ನಿದ್ದೆಗೆ ಜಾರುತ್ತಾನೆ. ಮೊದಲರ್ಧ ರಾತ್ರಿ ಕನಸಿನ ನಿದ್ದೆ ಅದುಮಿಟ್ಟಂತಿರುತ್ತದೆ. 3 ಗಂಟೆ ಹೊತ್ತಿಗೆ ಆಲ್ಕೋಹಾಲ್ ರಕ್ತದಿಂದ ಇಳಿದಾಗ ಅದುಮಿಟ್ಟ ಕನಸು ಬಡ್ಡಿ ಸಮೇತ ಬರುತ್ತದೆ. ಬೆವರು, ಎದೆ ಬಡಿತ, ದುಃಸ್ವಪ್ನ. ಬೆಳಗ್ಗೆ ಕಾರಣವಿಲ್ಲದ ಗಾಬರಿ. ಮಾರನೇ ರಾತ್ರಿ ಆ ಗಾಬರಿಗೆ ಇನ್ನೊಂದು 60 ಎಂಎಲ್. ಆಘಾತದ ನೆನಪು ಮನಸ್ಸಿನಲ್ಲಿ ಜೀರ್ಣವಾಗುವ ಕೆಲಸದಲ್ಲಿ ನಿದ್ದೆಗೆ ದೊಡ್ಡ ಪಾಲಿದೆ. ನಿದ್ದೆಗಾಗಿ ಕುಡಿಯುವವರು ಕೆಡಿಸಿಕೊಳ್ಳುವುದು ಅದೇ ನಿದ್ದೆಯನ್ನು.

ಮೊದಲು ಅಳತೆ

ಭಾರತದಲ್ಲಿ ಒಂದು 'ಡ್ರಿಂಕ್' ಎಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮ ವಿಸ್ಕಿ, ರಮ್, ಬ್ರಾಂದಿ ಶೇ 42.8 ಇರುವುದರಿಂದ 30 ಎಂಎಲ್‌ಗೆ ಒಂದು ಡ್ರಿಂಕ್. ನೈಂಟಿ ಪ್ಯಾಕೆಟ್‌ನಲ್ಲಿ 3, ಕ್ವಾರ್ಟರ್‌ನಲ್ಲಿ 6, ಫುಲ್ ಬಾಟಲಿಯಲ್ಲಿ 25. ಬಿಯರ್ ಬರೀ ನೀರು ಅನ್ನುವವರು ಇದನ್ನು ನೋಡಿ: 650 ಎಂಎಲ್‌ನ ಸಾಮಾನ್ಯ ಬಿಯರ್, ಶೇ 5ರದ್ದು, ಎರಡೂವರೆ ಡ್ರಿಂಕ್. ಶೇ 8ರ ಸ್ಟ್ರಾಂಗ್ ಆದರೆ 4. ಎರಡು ಸ್ಟ್ರಾಂಗ್ ಬಿಯರ್ ಒಂದು ಕ್ವಾರ್ಟರ್‌ಗಿಂತ ಹೆಚ್ಚು. ಲಿವರ್ ಗಂಟೆಗೆ ಹೆಚ್ಚುಕಮ್ಮಿ ಒಂದು ಡ್ರಿಂಕ್ ಕರಗಿಸುತ್ತದೆ. ಮಜ್ಜಿಗೆ, ನಿಂಬೆರಸ, ಕಾಫಿ ಯಾವುದೂ ಆ ವೇಗ ಹೆಚ್ಚಿಸುವುದಿಲ್ಲ. ಹೆಣ್ಣುಮಕ್ಕಳ ದೇಹದಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಅಷ್ಟೇ ಕುಡಿದರೂ ರಕ್ತದಲ್ಲಿ ಮಟ್ಟ ಹೆಚ್ಚು ಏರುತ್ತದೆ.

ರೂಮಿನಲ್ಲಿ ಎಲ್ಲರೂ ದುಡ್ಡು ಹಾಕಿ ಫುಲ್ ತಂದು ಸ್ಟೀಲ್ ಲೋಟಕ್ಕೆ ಸುರಿದಾಗ ಲೆಕ್ಕ ತಪ್ಪುವುದು ಖಾಯಂ. ಕಣ್ಣಂದಾಜಿನ ಪೆಗ್ 30ರ ಬದಲು 50 ಆಗಿರುತ್ತದೆ. ಕೆಮ್ಮಿನ ಸಿರಪ್ ಬಾಟಲಿಯ ಮೇಲಿನ ಅಳತೆ ಮುಚ್ಚಳ ತೊಳೆದಿಟ್ಟುಕೊಂಡು ಒಂದು ಸಲ ಅಳೆದು ನೋಡಿ.

ಈಗ ಕುಡಿತದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯ ಮೊದಲ ಮೂರು ಪ್ರಶ್ನೆ; ಪ್ರತಿ ಉತ್ತರದ ಕೊನೆಯ ಸಂಖ್ಯೆ ಅದರ ಅಂಕ. ಎಷ್ಟು ಸಲ ಕುಡಿಯುತ್ತೀರಿ: ಎಂದೂ ಇಲ್ಲ 0, ತಿಂಗಳಿಗೊಮ್ಮೆ ಅಥವಾ ಕಡಿಮೆ 1, ತಿಂಗಳಿಗೆ 2–4 ಸಲ 2, ವಾರಕ್ಕೆ 2–3 ಸಲ 3, ಅದಕ್ಕೂ ಹೆಚ್ಚು 4. ಕುಡಿದ ದಿನ ಎಷ್ಟು ಡ್ರಿಂಕ್: 1–2 ಆದರೆ 0, 3–4 ಆದರೆ 1, 5–6 ಆದರೆ 2, 7–9 ಆದರೆ 3, ಹತ್ತು ಅಥವಾ ಹೆಚ್ಚಾದರೆ 4. ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಬಾರಿ: ಎಂದೂ ಇಲ್ಲ 0, ತಿಂಗಳಿಗೊಮ್ಮೆಗಿಂತ ಕಡಿಮೆ 1, ತಿಂಗಳಿಗೊಮ್ಮೆ 2, ವಾರಕ್ಕೊಮ್ಮೆ 3, ಹೆಚ್ಚುಕಮ್ಮಿ ದಿನಾ 4. ಕೂಡಿಸಿ. ಗಂಡಸರಿಗೆ 4, ಹೆಂಗಸರಿಗೆ 3 ಬಂದರೆ ಎಚ್ಚರಿಕೆಯ ಗೆರೆ. ಪ್ರತಿ ಶನಿವಾರ ಒಂದು ಕ್ವಾರ್ಟರ್, ಅಷ್ಟೇ, ಎನ್ನುವವನ ಅಂಕ 2+2+3, ಅಂದರೆ 7.

ಎರಡು ವಾರದ ಪುಸ್ತಕ

ಬಿಡುವ ಮಾತು ಆಮೇಲೆ. ಎರಡು ವಾರ ಬರೆದಿಡಿ, ಫೋನಿನ ನೋಟ್ಸ್‌ನಲ್ಲೇ ಆಗಲಿ. ಕುಡಿಯಬೇಕು ಅನ್ನಿಸಿದ ಹೊತ್ತು, ಅದಕ್ಕೆ ಹಿಂದಿನ ಒಂದು ಗಂಟೆಯಲ್ಲಿ ಆದದ್ದು, ದೇಹದಲ್ಲಿ ಎಲ್ಲಿ ಏನಾಗುತ್ತಿತ್ತು, ಎಷ್ಟು ಕುಡಿದಿರಿ, ಮರುದಿನ ನಿದ್ದೆ-ಮನಸ್ಸು ಹೇಗಿತ್ತು. ಉದಾಹರಣೆಗೆ ಒಂದು ಸಾಲು ಹೀಗಿರಬಹುದು: 'ಬುಧವಾರ 9.40. ಮನೆಯಿಂದ ಫೋನ್, ಹಿಂದೆ ಅಪ್ಪ ಕಿರುಚುವುದು ಕೇಳಿಸಿತು. ಹೊಟ್ಟೆಯಲ್ಲಿ ಗಂಟು. ನೈಂಟಿ ಒಂದು. 3.15ಕ್ಕೆ ಎಚ್ಚರ, ಮೊದಲ ಪೀರಿಯಡ್ ತಪ್ಪಿತು.' ಕುಡಿಯಬೇಕೆನಿಸಿಯೂ ಕುಡಿಯದ ದಿನವನ್ನು ಬಿಡದೆ ಬರೆಯಿರಿ. ಅವತ್ತು ಏನು ತಡೆಯಿತು ಎಂಬುದೇ ಈ ಪುಸ್ತಕದ ಬೆಲೆಬಾಳುವ ಭಾಗ. ಆಘಾತದ ವಿವರ ಮಾತ್ರ ಇದರಲ್ಲಿ ಬೇಡ. ರಾತ್ರಿ ಒಬ್ಬರೇ ಕೂತು ಅದನ್ನು ಬರೆಯಹೋದರೆ ಪೆನ್ನು ಕೆಳಗಿಟ್ಟು ಬಾಟಲಿ ಎತ್ತುವ ಹಾಗಾಗುತ್ತದೆ.

ಎರಡು ವಾರದಲ್ಲಿ ಒಂದು ಮಾದರಿ ಕಾಣುತ್ತದೆ. ನಿದ್ದೆ, ನೆನಪಿನ ಹೊಡೆತ, ಒಂಟಿತನ, ನಾಚಿಕೆ — ಇವುಗಳಲ್ಲಿ ಒಂದೋ ಎರಡೋ ಮುಖ್ಯವಾಗಿರುತ್ತದೆ.

ಆ ಜಾಗಕ್ಕೆ ಏನು

ನೆನಪು ದಿಢೀರನೆ ನುಗ್ಗಿದಾಗ. ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನ ಇಡಿ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಆಘಾತ ಕಂಡವರಲ್ಲಿ ಕೆಲವರಿಗೆ ಇದು ಉಲ್ಟಾ ಹೊಡೆಯುತ್ತದೆ: ಕಣ್ಣು ಮುಚ್ಚಿದೊಡನೆ ಅದೇ ದೃಶ್ಯ, ಉಸಿರು ಗಮನಿಸಿದರೆ ಉಸಿರು ಕಟ್ಟಿದಂತೆ. ಹೀಗಾಗುವವರು ಕಣ್ಣು ತೆರೆದೇ ಇಡಿ. ಎರಡೂ ಅಂಗಾಲು ನೆಲಕ್ಕೆ ಒತ್ತಿ. ಇವತ್ತಿನ ತಾರೀಖು, ಊರು, ರೂಮ್ ನಂಬರ್ ಬಾಯಿಬಿಟ್ಟು ಹೇಳಿ. ಕಾಣುವ ಐದು ವಸ್ತು, ಮುಟ್ಟಲಾಗುವ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ. ವಸ್ತುವಿನ ಹೆಸರಷ್ಟೇ ಸಾಲದು, ವಿವರ ಹೇಳಿ: 'ನೀಲಿ ಬಕೆಟ್, ಹಿಡಿ ಮುರಿದಿದೆ, ಒಳಗೆ ಅರ್ಧ ನೀರು.' ವಿವರ ಹುಡುಕುವ ಮನಸ್ಸು ಹಿಂದಕ್ಕೆ ಹೋಗುವುದು ಕಷ್ಟ. ಮುಖಕ್ಕೆ ತಣ್ಣೀರು ಚೆನ್ನಾಗಿ ಹಾಕಿಕೊಳ್ಳುವುದೂ ಆಗುತ್ತದೆ, ಹೃದಯದ ತೊಂದರೆ ಇರುವವರು ಬಿಟ್ಟು. ದೃಶ್ಯ ಸರಿದ ಮೇಲೆ ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ಬಿಡುವುದನ್ನು ಐದು ನಿಮಿಷ ಮಾಡಿ. ಬಹಳ ಜನ ಸೋಲುವುದು ಮೊದಲ ಪ್ರಯೋಗವನ್ನೇ ಬಿರುಗಾಳಿಯ ನಡುವೆ ಮಾಡಹೋಗಿ. ಮನಸ್ಸು ಸಮಾಧಾನವಿದ್ದಾಗ ದಿನಕ್ಕೆ ಎರಡು ಸಲ, ಎರಡು ವಾರ ಅಭ್ಯಾಸ ಮಾಡಿ. ಆಮೇಲಷ್ಟೇ ಅದು ಕಷ್ಟಕಾಲಕ್ಕೆ ಕೈಗೆ ಸಿಗುತ್ತದೆ.

ಕುಡಿಯುವ ಚಪಲ ಎದ್ದಾಗ. ಚಪಲ ಏರುತ್ತದೆ, ಉತ್ತುಂಗಕ್ಕೆ ಬರುತ್ತದೆ, ಸಾಮಾನ್ಯವಾಗಿ 20–30 ನಿಮಿಷದಲ್ಲಿ ತಾನೇ ಇಳಿಯುತ್ತದೆ. ಅದನ್ನು ಬೈದು ಅಟ್ಟುವ ಅಗತ್ಯವಿಲ್ಲ. ಅರ್ಧ ಗಂಟೆ ಮುಂದೂಡಿ, ಆ ಹೊತ್ತಿನಲ್ಲಿ ಊಟ ಮಾಡಿ, ಏಕೆಂದರೆ ಹಸಿವು ಚಪಲದ ವೇಷ ಹಾಕಿ ಬರುವುದು ಬಹಳ ಸಾಮಾನ್ಯ. ಮೆಸ್ಸಿನ ಊಟ ತಪ್ಪಿಸಿದ ರಾತ್ರಿಗಳನ್ನು ನಿಮ್ಮ ಪುಸ್ತಕದಲ್ಲಿ ಹುಡುಕಿ ನೋಡಿ. ಉಳಿದ ಅರ್ಧ ಬಾಟಲಿ ಬೀರುವಿನಲ್ಲಿದ್ದರೆ ಅರ್ಧ ಗಂಟೆ ಕಾಯುವುದು ಕನಸಿನ ಮಾತು. ರೂಮಿನಲ್ಲಿ ಸ್ಟಾಕ್ ಇರಕೂಡದು.

ನಿದ್ದೆಗೆ. ಏಳುವ ಸಮಯ ಒಂದೇ ಇರಲಿ, ಭಾನುವಾರವೂ. ಮಧ್ಯಾಹ್ನ 2ರ ನಂತರ ಕಾಫಿ-ಟೀ ಬೇಡ. ಒಂದೇ ದುಃಸ್ವಪ್ನ ಪದೇ ಪದೇ ಬರುತ್ತಿದ್ದರೆ ಹಗಲು ಹೊತ್ತಿನಲ್ಲಿ ಅದರ ಅಂತ್ಯವನ್ನು ನಿಮಗೆ ಬೇಕಾದ ಹಾಗೆ ಬದಲಿಸಿ ಬರೆದು, ಆ ಹೊಸ ಕನಸನ್ನು ದಿನಾ ಹತ್ತು ನಿಮಿಷ ಮನಸ್ಸಿನಲ್ಲಿ ಓಡಿಸುವ ಕ್ರಮವೊಂದಿದೆ. ಮೊದಲು ಸಣ್ಣ ಕನಸಿನ ಮೇಲೆ ಮಾಡಿ. ಆಘಾತವೇ ಇದ್ದ ಹಾಗೇ ಕಾಣುವ ಕನಸಾದರೆ ಕೌನ್ಸೆಲರ್ ಜತೆ ಮಾತ್ರ ಮಾಡಿ. ಕುಡಿತ ಬಿಟ್ಟ ಮೊದಲ ಒಂದೆರಡು ವಾರ ನಿದ್ದೆ ಇನ್ನಷ್ಟು ಕೆಡುತ್ತದೆ, ಕನಸು ಹೆಚ್ಚುತ್ತದೆ. ಇದು ಮೊದಲೇ ಗೊತ್ತಿಲ್ಲದವರು 'ಬಿಟ್ಟರೇ ಕಷ್ಟ' ಎಂದು ವಾಪಸ್ ಹೋಗುತ್ತಾರೆ. ಆದಷ್ಟೂ ಇಂಟರ್ನಲ್ಸ್ ಇರುವ ವಾರ ಶುರು ಮಾಡಬೇಡಿ.

ಒಂಟಿತನಕ್ಕೆ ಮದ್ದು ಕುಡಿಯದ ಗೆಳೆಯರೇ ಆಗಬೇಕೆಂದಿಲ್ಲ. ಸಂಜೆ 7ರಿಂದ 10ರವರೆಗೆ ರೂಮಿನ ಹೊರಗಿರಲು ಒಂದು ನೆಪ ಸಾಕು: ಲೈಬ್ರರಿ, ವಾಲಿಬಾಲ್, ಜಿಮ್.

ದಿಢೀರನೆ ನಿಲ್ಲಿಸಬಾರದವರು

ದಿನಾ ಹೆಚ್ಚು ಕುಡಿಯುವವರು, ಬೆಳಗ್ಗೆ ಎದ್ದಾಗ ಕೈ ನಡುಗುವವರು, ನಡುಕ ನಿಲ್ಲಲು ಬೆಳಗ್ಗೆಯೇ ಒಂದು ಪೆಗ್ ಬೇಕಾಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ರೂಮಿನಲ್ಲಿ ಒಬ್ಬರೇ ಬಿಡುವ ಸಾಹಸ ಮಾಡಬೇಡಿ. ಕೊನೆಯ ಪೆಗ್ ಆಗಿ 6–24 ಗಂಟೆಯಲ್ಲಿ ನಡುಕ, ಬೆವರು, ವಾಂತಿ. 48 ಗಂಟೆಯೊಳಗೆ ಫಿಟ್ಸ್. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ದಿಕ್ಕುದೆಸೆ ತಪ್ಪುವುದು ಆಗಬಹುದು. ಪ್ರಾಣಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಇದಕ್ಕೆ ಕೆಲವು ದಿನಗಳ ಮಾತ್ರೆ, ವಿಟಮಿನ್ ಬಿ1 ಕೊಟ್ಟು ಸುರಕ್ಷಿತವಾಗಿ ದಾಟಿಸುತ್ತಾರೆ. ವಾರಕ್ಕೆ ಒಂದೆರಡು ಸಲ ಕುಡಿಯುವ ಹೆಚ್ಚಿನ ವಿದ್ಯಾರ್ಥಿಗಳಿಗೆ ಈ ಭಯವಿಲ್ಲ.

ಎಲ್ಲಿಗೆ ಹೋಗುವುದು, ಏನು ಹೇಳುವುದು

ಟೆಲಿ-ಮಾನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನದ ಬಗ್ಗೆಯೇ ಕೇಳಬೇಕಿದ್ದರೆ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾಸ್ಪತ್ರೆಗಳ ಮನೋರೋಗ ವಿಭಾಗಗಳಿವೆ, ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಜ್ಞರು ಬರುತ್ತಾರೆ. ಹೋಗುವ ಮುನ್ನ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ ದಿನ ಖಚಿತ ಮಾಡಿಕೊಳ್ಳಿ.

ಒಳಗೆ ಹೋಗಿ 'ಸ್ವಲ್ಪ ಟೆನ್ಶನ್' ಎಂದರೆ ಟೆನ್ಶನ್ ಮಾತ್ರೆ ಸಿಗುತ್ತದೆ, ಅಷ್ಟೇ. ಎರಡೂ ವಿಷಯ ಒಟ್ಟಿಗೆ ಹೇಳಿ: 'ಎರಡು ವರ್ಷದ ಹಿಂದೆ ಒಂದು ಕೆಟ್ಟ ಘಟನೆ ಆಯಿತು, ವಿವರ ಈಗ ಹೇಳಲಾರೆ. ಆಮೇಲಿಂದ ನಿದ್ದೆ ಇಲ್ಲ, ವಾರಕ್ಕೆ ಇಷ್ಟು ಡ್ರಿಂಕ್ ಕುಡಿಯುತ್ತೇನೆ.' ಎರಡು ವಾರದ ಪುಸ್ತಕ ತೋರಿಸಿ. 'ಮೊದಲು ಕುಡಿತ ಪೂರ್ತಿ ಬಿಟ್ಟು ಬನ್ನಿ, ಆಮೇಲೆ ಉಳಿದದ್ದು ನೋಡೋಣ' ಎಂದು ಕಳಿಸುವ ಹಳೆಯ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಡಬಹುದು, ಕೊಡಬೇಕು. ಹಾಗೆ ಕಳಿಸಿದರೆ ಬೇರೆ ವೈದ್ಯರನ್ನು ಹುಡುಕಿ. ಆಘಾತವನ್ನೇ ಕೇಂದ್ರವಾಗಿಟ್ಟ ಮಾತಿನ ಚಿಕಿತ್ಸೆ ಗೊತ್ತಿದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯ. 18 ತುಂಬಿದವರ ವಿಷಯವನ್ನು ವೈದ್ಯರು ಕಾಲೇಜಿಗೋ ಮನೆಗೋ ಸುಮ್ಮನೆ ಹೇಳುವಂತಿಲ್ಲ. ಪ್ರಾಣಾಪಾಯದಂಥ ಸಂದರ್ಭ ಬೇರೆ. 18 ತುಂಬದ ಪಿಯು ವಿದ್ಯಾರ್ಥಿಗಳ ಮಾತು ಬೇರೆ: ಪೋಷಕರು ಒಳಬರುತ್ತಾರೆ, ಲೈಂಗಿಕ ದೌರ್ಜನ್ಯವಾಗಿದ್ದರೆ ಪೋಕ್ಸೊ ಕಾಯ್ದೆಯಂತೆ ತಿಳಿದವರು ವರದಿ ಮಾಡಲೇಬೇಕು. ಮಾತು ಶುರು ಮಾಡುವ ಮೊದಲೇ ಕೌನ್ಸೆಲರ್ ಇದನ್ನು ತಿಳಿಸಬೇಕು, ತಿಳಿಸದಿದ್ದರೆ ಕೇಳಿ.

ಎರಡು ವಿಷಯದಿಂದ ದೂರವಿರಿ. ಮೆಡಿಕಲ್ ಶಾಪಿನಿಂದ ಗೆಳೆಯ ತಂದುಕೊಟ್ಟ ನಿದ್ದೆ ಮಾತ್ರೆ — ಆಲ್‌ಪ್ರಜೊಲಾಮ್‌ನಂಥವು ಆಲ್ಕೋಹಾಲ್ ಜತೆ ಸೇರಿದರೆ ಉಸಿರೇ ನಿಲ್ಲಬಹುದು. ಮತ್ತು 'ಗೊತ್ತಾಗದಂತೆ ಊಟಕ್ಕೆ ಬೆರೆಸಿ ಕುಡಿತ ಬಿಡಿಸಿ' ಎಂಬ ಜಾಹೀರಾತು. ಅಂಥದ್ದರಲ್ಲಿ ಡೈಸಲ್ಫಿರಾಮ್ (ಮದ್ಯ ಮೈಗೆ ಒಗ್ಗದಂತೆ ಮಾಡುವ ಔಷಧಿ) ಇರಬಹುದು; ಅರಿಯದೆ ಅದರ ಮೇಲೆ ಕುಡಿದರೆ ಬಿಪಿ ಕುಸಿದು ಜೀವ ಹೋಗಬಹುದು. ಮನೆಯವರು ಪ್ರೀತಿಯಿಂದಲೇ ಈ ತಪ್ಪು ಮಾಡುತ್ತಾರೆ, ಅವರಿಗೂ ತಿಳಿಸಿ.

ರೂಮ್‌ಮೇಟ್‌ಗೆ

ಮಾತಾಡುವುದು ಹಗಲು, ಅವನು ಕುಡಿಯದಿರುವಾಗ, ಇಬ್ಬರೇ ಇರುವಾಗ. ಬುದ್ಧಿವಾದ ಬೇಡ, ಕಂಡದ್ದು ಹೇಳಿ: 'ನಿನ್ನೆ ರಾತ್ರಿ ನೀನು ಎದ್ದು ಕೂತಿದ್ದೆ, ನಾನು ನೋಡ್ದೆ ಕಣೋ. ಎರಡು ವಾರದಿಂದ ಹೀಗೇ ಆಗ್ತಿದೆ. ಬೈಯೋಕೆ ಬಂದಿಲ್ಲ. ನಿದ್ದೆ ಬರ್ತಿಲ್ವಾ?' ಆಮೇಲೆ ಸುಮ್ಮನಿರಿ. 'ನನ್ ಪಾಡಿಗೆ ಬಿಡು' ಅಂದರೆ ಬಿಡಿ, ಮೂರು ದಿನ ಬಿಟ್ಟು ಮತ್ತೆ ಕೇಳಿ. ಅಟೆಂಡೆನ್ಸ್‌ಗೆ ಪ್ರಾಕ್ಸಿ ಹಾಕಿ, ವಾಂತಿ ತೊಳೆದು, ವಾರ್ಡನ್‌ಗೆ ಸುಳ್ಳು ಹೇಳಿ ವರ್ಷಗಟ್ಟಲೆ ಕಾಪಾಡುವುದು ಸ್ನೇಹದಂತೆ ಕಂಡರೂ ಚಿಕಿತ್ಸೆಯನ್ನು ಅಷ್ಟೇ ಮುಂದೂಡುತ್ತದೆ. ಆಸ್ಪತ್ರೆಗೆ ಜತೆಯಲ್ಲಿ ಹೋಗಿ ಕ್ಯೂನಲ್ಲಿ ನಿಲ್ಲುವುದು ಇದಕ್ಕಿಂತ ಹೆಚ್ಚಿನ ಉಪಕಾರ. ಸಾಯುವ ಮಾತು ಬಂದರೆ ನೇರವಾಗಿ ಕೇಳಿ: 'ಸಾಯಬೇಕು ಅನ್ನಿಸ್ತಿದೆಯಾ?' ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬನನ್ನೇ ಬಿಡಬೇಡಿ, ಮದ್ಯ, ಮಾತ್ರೆ ದೂರ ಇಡಿ, 14416ಕ್ಕೆ ಅಲ್ಲೇ ಕರೆ ಮಾಡಿ. ಗಂಡಾಂತರ ಎದುರಿಗೇ ಇದ್ದರೆ 112.

ಕುಡಿದು ಬಿದ್ದವನ ವಿಷಯದಲ್ಲಿ 'ಮಲಗಿ ಇಳಿಸಿಕೊಳ್ಳಲಿ' ಎನ್ನುವುದು ಕೊಲ್ಲುವ ಮಾತು. ಕೊನೆಯ ಪೆಗ್ ಆಗಿ ಗಂಟೆ ಕಳೆದರೂ ರಕ್ತದಲ್ಲಿ ಮಟ್ಟ ಏರುತ್ತಿರಬಹುದು. ಅಲುಗಾಡಿಸಿದರೂ ಏಳುತ್ತಿಲ್ಲ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ, ತುಟಿ ನೀಲಿ, ಮೈ ತಣ್ಣಗೆ, ಫಿಟ್ಸ್ — ಇವುಗಳಲ್ಲಿ ಒಂದಿದ್ದರೂ 108. ಪಕ್ಕಕ್ಕೆ ಹೊರಳಿಸಿ, ಮೇಲಿನ ಮಂಡಿ ಮಡಚಿ ಆಸರೆ ಕೊಟ್ಟು, ಬಾಯಿ ಕೆಳಮುಖವಾಗಿರಲಿ. ಒಬ್ಬರು ಪಕ್ಕದಲ್ಲೇ ಕೂತು ಉಸಿರು ಎಣಿಸುತ್ತಿರಲಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ, ಶವರ್ ಕೆಳಗೆ ನಿಲ್ಲಿಸಬೇಡಿ. ವಾರ್ಡನ್ ಭಯಕ್ಕೆ ಅರ್ಧ ಗಂಟೆ ಚರ್ಚೆ ಮಾಡುತ್ತಾ ಕೂರುವುದೇ ಇಲ್ಲಿ ಆಗುವ ದೊಡ್ಡ ಅನಾಹುತ. ಆಂಬುಲೆನ್ಸ್‌ಗೆ ಏನು, ಎಷ್ಟು, ಜತೆಗೆ ಯಾವ ಮಾತ್ರೆ ಎಂಬುದನ್ನು ಮುಚ್ಚಿಡದೆ ಹೇಳಿ.

ಕುಡಿದಿದ್ದಾಗ ಲೈಂಗಿಕ ದೌರ್ಜನ್ಯ ನಡೆದಿದ್ದರೆ 'ನಾನೇ ಕುಡಿದಿದ್ದೆ' ಎಂಬ ನಾಚಿಕೆ ಬಾಯಿ ಕಟ್ಟುತ್ತದೆ. ಆಗುತ್ತಿರುವುದು ಏನೆಂದು ತಿಳಿಯಲಾಗದಷ್ಟು ಅಮಲಿನಲ್ಲಿ ಕೊಟ್ಟ ಒಪ್ಪಿಗೆ ಕಾನೂನಿನಲ್ಲಿ ಒಪ್ಪಿಗೆಯೇ ಅಲ್ಲ. ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭ ತಡೆಯುವ ಮಾತ್ರೆಯೂ ಬೇಗ ತೆಗೆದುಕೊಂಡಷ್ಟು ಒಳ್ಳೆಯದು. ಸಾಧ್ಯವಾದರೆ ಅಲ್ಲಿಯವರೆಗೆ ಸ್ನಾನ ಮಾಡದೆ, ಬಟ್ಟೆಯನ್ನು ಪೇಪರ್ ಕವರಿನಲ್ಲಿ ಹಾಗೇ ಇಡಿ.

ಜಾರಿದರೆ, ಮತ್ತು ಊರಿಗೆ ಹೋಗುವಾಗ

ಮೂರು ವಾರ ಬಿಟ್ಟವನು ಒಂದು ರಾತ್ರಿ ಕುಡಿದರೆ ಎಲ್ಲ ಹಾಳಾಯಿತು ಎಂದು ಮರುದಿನವೂ ಕುಡಿಯುತ್ತಾನೆ. ನಿಜವಾದ ಹಾನಿ ಆ ಎರಡನೇ ರಾತ್ರಿಯದು. ಮೊದಲ ರಾತ್ರಿಯನ್ನು ಪುಸ್ತಕದಲ್ಲಿ ಒಂದು ಸಾಲಾಗಿ ಬರೆದು ಮುಂದೆ ಹೋಗಿ.

ಹಬ್ಬದ ರಜೆ ಹೆಚ್ಚಿನವರಿಗೆ ಬಿಡುವು. ನೋವು ಹುಟ್ಟಿದ್ದೇ ಮನೆಯಲ್ಲಿ ಎಂದಾದರೆ ರಜೆಯೇ ಅಪಾಯದ ವಾರ. ಬಸ್ ಟಿಕೆಟ್ ಮಾಡಿಸುವಾಗಲೇ ವಾಪಸ್ ಬರುವ ದಿನವನ್ನೂ ಬುಕ್ ಮಾಡಿ. ಜಗಳ ಎದ್ದ ರಾತ್ರಿ ಯಾವ ಚಿಕ್ಕಮ್ಮನ ಅಥವಾ ಗೆಳೆಯನ ಮನೆಗೆ ಹೋಗಿ ಮಲಗಬಹುದು ಎಂದು ಮೊದಲೇ ಅವರ ಬಳಿ ಕೇಳಿಡಿ. ಹಾಸ್ಟೆಲ್‌ಗೆ ಮರಳಿದ ಮಾರನೇ ದಿನಕ್ಕೆ ಕೌನ್ಸೆಲರ್ ಅಪಾಯಿಂಟ್‌ಮೆಂಟ್ ಹಾಕಿಸಿಕೊಂಡೇ ಊರಿಗೆ ಹೊರಡಿ.